ಇಷ್ಟೆಲ್ಲ ಓದಿ ಕೇಳಿದರೂ ಆತ್ಮಿಕ ಜೀವನ ಯಾಕೆ ಒಣಗಿದೆ?

ಪ್ರಶ್ನೆ: ಯೇಸು ಸ್ವಾಮಿಯ ನಾಮದಲ್ಲಿ ವಂದನೆಗಳು, ಅಯ್ಯನವರೇ. ನಾನು ಗದಗ ಕಡೆಯವಳು, ವಯಸ್ಸು 36, ಬೆಂಗಳೂರಿನ ಒಂದು ಆಸ್ಪತ್ರೆಯಲ್ಲಿ ಸ್ಟಾಫ್ ನರ್ಸ್. ತಿಂಗಳಿಗೆ ಎಂಟು ಹತ್ತು ನೈಟ್ ಡ್ಯೂಟಿ ಬರುತ್ತವೆ. ಭಾನುವಾರ ಬೆಳಿಗ್ಗೆ ನಮ್ಮ ಸಿ.ಎಸ್.ಐ. (ದಕ್ಷಿಣ ಭಾರತ ಸಭೆ) ಚರ್ಚಿಗೆ ಹೋಗುತ್ತೇನೆ, ಸಂಜೆ ಗೆಳತಿಯ ಜೊತೆ ಇನ್ನೊಂದು ಫೆಲೋಶಿಪ್‌ಗೆ. ಮೂರು ವಾಟ್ಸ್ಆ್ಯಪ್ ಪ್ರಾರ್ಥನಾ ಗುಂಪುಗಳಲ್ಲಿದ್ದೇನೆ, ಬಸ್ಸಿನಲ್ಲಿ ದಿನಾ ಯೂಟ್ಯೂಬ್ ಸಂದೇಶ ಕೇಳುತ್ತೇನೆ. ಪ್ರತಿ ಜನವರಿಯಲ್ಲೂ ಈ ವರ್ಷ ಬೈಬಲ್ ಪೂರ್ತಿ ಓದಬೇಕೆಂದು ಶುರು ಮಾಡಿ ಯಾಜಕಕಾಂಡಕ್ಕೆ ಬಂದು ನಿಂತುಬಿಡುತ್ತೇನೆ. ಪ್ರಾರ್ಥನೆಗೆ ಕೂತರೆ ಡ್ಯೂಟಿ ಪಟ್ಟಿ, ಮನೆ ಸಾಲದ ಕಂತು, ಮಗನ ಶಾಲೆ, ಇದೇ ತಲೆಯಲ್ಲಿ. ಹತ್ತು ವರ್ಷದ ಹಿಂದೆ ಪ್ರಾರ್ಥನೆಯಲ್ಲಿ ಕಣ್ಣೀರು ಬರುತ್ತಿತ್ತು, ಈಗ ಏನೂ ಇಲ್ಲ. ಫೆಲೋಶಿಪ್‌ನ ಅಕ್ಕ ಒಬ್ಬರು, "ಒಳಗೆ ಮುಚ್ಚಿಟ್ಟ ಪಾಪ ಇರಬೇಕು, ಇಲ್ಲವೇ ಮನೆತನದ ಶಾಪ. 21 ದಿನ ಬರೀ ನೀರು ಕುಡಿದು ಉಪವಾಸ ಮಾಡು, ಬೆಳಗಿನ ನಾಲ್ಕಕ್ಕೆ ಏಳು" ಎನ್ನುತ್ತಾರೆ. ನನಗೆ ಎರಡು ವರ್ಷದಿಂದ ಶುಗರ್ ಮಾತ್ರೆ ನಡೆದಿದೆ. ನಾನು ವಿಶ್ವಾಸದಿಂದ ಹಿಂಜಾರಿದ್ದೇನಾ? ಮನಸ್ಸು ದೇವರ ಕಡೆಗೆ ನಿಲ್ಲುವಂತೆ ಮಾಡಿಕೊಳ್ಳುವುದು ಹೇಗೆ?

ಉತ್ತರ: ಸಹೋದರಿ, ಮೊದಲು ತುರ್ತಿನ ಮಾತು. 21 ದಿನದ ನೀರಿನ ಉಪವಾಸ ಬೇಡ. ಯಾರೇ ಹೇಳಿರಲಿ, ಎಷ್ಟೇ ಪ್ರೀತಿಯಿಂದ ಹೇಳಿರಲಿ, ಶುಗರ್ ಮಾತ್ರೆ ತೆಗೆದುಕೊಳ್ಳುವವರಿಗೆ ಅದು ಅಪಾಯ. ಗ್ಲಿಮೆಪಿರೈಡ್, ಗ್ಲಿಕ್ಲಾಜೈಡ್ ಜಾತಿಯ ಮಾತ್ರೆ ಹೊಟ್ಟೆ ಖಾಲಿ ಇದ್ದರೂ ಇನ್ಸುಲಿನ್ ಹೊರಡಿಸುತ್ತಲೇ ಇರುತ್ತದೆ. ಸಕ್ಕರೆ ಇಳಿದು ಪ್ರಜ್ಞೆ ತಪ್ಪಬಹುದು. ಡಾಪಾಗ್ಲಿಫ್ಲೋಜಿನ್‌ನಂಥದ್ದಾದರೆ ದೀರ್ಘ ಉಪವಾಸದಲ್ಲಿ ರಕ್ತವನ್ನು ಆಮ್ಲೀಯವಾಗಿಸುವ ಕೀಟೋನ್ ಏರುವ ಭಯ. ಮಾತ್ರೆಯನ್ನೇ ನಿಲ್ಲಿಸಿ ಉಪವಾಸ ಕೂರುತ್ತೇನೆ ಅಂದರೆ ಅದು ಇನ್ನೊಂದು ಅಪಾಯ. ವಾರ್ಡಿನಲ್ಲಿ ಇದನ್ನೆಲ್ಲ ನೀವು ಕಣ್ಣಾರೆ ಕಂಡಿರುತ್ತೀರಿ. ಪ್ರಾರ್ಥನೆಗಾಗಿ ಬಿಟ್ಟ ಊಟವಾದರೂ ದೇಹಕ್ಕೆ ಅದು ಬಿಟ್ಟ ಊಟವೇ.

ಇನ್ನು ನಿಮ್ಮ ಪತ್ರದ ವಿಷಯ. ಅದರಲ್ಲಿ ಎರಡು ಕಷ್ಟಗಳು ಒಂದಕ್ಕೊಂದು ಹೆಣೆದುಕೊಂಡಿವೆ. ಮನಸ್ಸು ನಿಲ್ಲುತ್ತಿಲ್ಲ, ಇದು ಒಂದು. ಮೊದಲಿನ ಭಾವ ಹೋಗಿದೆ, ಹಾಗಾದರೆ ದೇವರು ದೂರವಾಗಿದ್ದಾನೆ, ಇದು ಇನ್ನೊಂದು. ಎರಡರ ಕಾರಣವೂ ಬೇರೆ, ಮದ್ದೂ ಬೇರೆ. ನಿಮಗೆ ಸಲಹೆ ಕೊಟ್ಟವರು ಎರಡಕ್ಕೂ ಒಂದೇ ಹೆಸರಿಟ್ಟು "ಪಾಪ" ಅಂದುಬಿಟ್ಟಿದ್ದಾರೆ.

ಪ್ರಾರ್ಥನೆ ಒಣಗಿದೆ ಅಂದರೆ ಪಾಪ ಅಡಗಿದೆ ಎಂಬ ನಂಬಿಕೆ ನಮ್ಮ ಸಭೆಗಳಲ್ಲಿ ತುಂಬ ಗಟ್ಟಿ. ವಾಕ್ಯದಲ್ಲಿ ಅದಕ್ಕೆ ಅಷ್ಟು ಆಧಾರ ಸಿಗುವುದಿಲ್ಲ. 88ನೇ ಕೀರ್ತನೆ ಓದಿ ನೋಡಿ. ಹಗಲೂ ರಾತ್ರಿ ಮೊರೆಯಿಟ್ಟವನ ಹಾಡು ಅದು. ಉಳಿದ ಮೊರೆಯ ಕೀರ್ತನೆಗಳ ಹಾಗೆ ಕೊನೆಗೆ ಸ್ತೋತ್ರಕ್ಕೆ ತಿರುಗುವುದಿಲ್ಲ, ಕತ್ತಲೆಯಲ್ಲೇ ಮುಗಿಯುತ್ತದೆ. ಅವನ ಪಾಪದ ಮಾತು ಅದರಲ್ಲಿ ಎಲ್ಲಿಯೂ ಇಲ್ಲ. ಕೋಲ್ಕತ್ತದ ಮದರ್ ತೆರೇಸಾ ದಶಕಗಳ ಕಾಲ ಇಂಥದೇ ಕತ್ತಲೆಯಲ್ಲಿ ಸೇವೆ ಮಾಡಿದರೆಂದು ಜಗತ್ತಿಗೆ ವಿವರವಾಗಿ ತಿಳಿದದ್ದು ಅವರು ತೀರಿಹೋದ ಹತ್ತು ವರ್ಷದ ಮೇಲೆ, 2007ರಲ್ಲಿ, ಅವರ ಪತ್ರಗಳು ಹೊರಬಂದಾಗ. ಕಣ್ಣೀರು ಬರುವುದು ಒಂದು ವರ. ಬಾರದಿರುವುದು ಅಪರಾಧವಲ್ಲ.

ಹಾಗೆಂದು ಪಾಪದ ಪ್ರಶ್ನೆಯನ್ನು ಪಕ್ಕಕ್ಕೆ ಸರಿಸಲೂ ಬಾರದು. ಅದಕ್ಕೊಂದು ಪರೀಕ್ಷೆಯಿದೆ. ಪವಿತ್ರಾತ್ಮನು ಮನಸ್ಸಾಕ್ಷಿಯನ್ನು ಚುಚ್ಚಿದರೆ ಸಾಮಾನ್ಯವಾಗಿ ಒಂದು ನಿರ್ದಿಷ್ಟ ವಿಷಯ ಕಣ್ಣ ಮುಂದೆ ಬರುತ್ತದೆ: ಇಂಥವರ ಬಗ್ಗೆ ಆಡಿದ ಸುಳ್ಳು, ಇಂಥವರಿಗೆ ಕೊಡಬೇಕಾದ ಹಣ, ನಾದಿನಿಯ ಜೊತೆ ನಿಂತುಹೋದ ಮಾತು. ಮಾಡಬೇಕಾದ್ದು ಏನೆಂದೂ ಜೊತೆಗೇ ಗೊತ್ತಾಗುತ್ತದೆ. ಮತ್ತಾಯ 5:23-24ರಲ್ಲಿ ಸ್ವಾಮಿ ಹೇಳುವಂತೆ ಕಾಣಿಕೆಯನ್ನು ಅಲ್ಲೇ ಬಿಟ್ಟು ಮೊದಲು ಹೋಗಿ ರಾಜಿಯಾಗಬೇಕು. ಒಂದು ಸಂಜೆ ಶಾಂತವಾಗಿ ಕೂತು, "ಕರ್ತನೇ, ಏನಾದರೂ ಇದ್ದರೆ ತೋರಿಸು" ಎಂದು ಕೇಳಿ. ಹತ್ತು ನಿಮಿಷ ಸಾಕು. ಸ್ಪಷ್ಟವಾಗಿ ಏನಾದರೂ ಕಂಡರೆ ಅರಿಕೆ ಮಾಡಿ, ಸರಿಪಡಿಸಿ. ಏನೂ ಕಾಣದೆ "ನೀನು ಸರಿಯಿಲ್ಲ, ಎಲ್ಲವೂ ತಪ್ಪು" ಎಂಬ ಮಸುಕಾದ ಭಯ ಮಾತ್ರ ಉಳಿದರೆ ಅದನ್ನು ಕೆದಕುತ್ತಾ ಕೂರಬೇಡಿ. ಒಂದೇ ಪಾಪವನ್ನು ಹತ್ತು ಸಲ ಅರಿಕೆ ಮಾಡಿದರೂ ಕ್ಷಮೆ ಸಿಕ್ಕಿತೆನಿಸದೆ ಅದೇ ಯೋಚನೆ ತಲೆಯಲ್ಲಿ ಸುತ್ತುವವರಿದ್ದಾರೆ. ಅದು ಗೀಳಿನ ಕಾಯಿಲೆಯಾಗಿರಬಹುದು, ಮನೋವೈದ್ಯರ ಬಳಿ ಅದಕ್ಕೆ ಚಿಕಿತ್ಸೆ ಇದೆ.

ಶಾಪದ ಮಾತಿಗೆ ಗಲಾತ್ಯದವರಿಗೆ 3:13 ಉತ್ತರ: ಕ್ರಿಸ್ತನು ನಮಗಾಗಿ ಶಾಪವಾಗಿ ನಮ್ಮನ್ನು ಬಿಡಿಸಿದನು. ಶಾಪ ಮುರಿಯಲು ವಿಶೇಷ ಕಾಣಿಕೆ ಕೊಡಿ ಎಂದು ಯಾರಾದರೂ ಕೇಳಿದರೆ ಆ ಬಾಗಿಲಿಗೆ ಮತ್ತೆ ಹೋಗಬೇಡಿ. ದೇವರ ವರವನ್ನು ಹಣದಿಂದ ಕೊಳ್ಳಲು ಹೊರಟ ಸಮಾರ್ಯದ ಸೀಮೋನನಿಗೆ ಪೇತ್ರನು ಏನೆಂದನೆಂದು ಅಪೊಸ್ತಲರ ಕೃತ್ಯಗಳು 8ರಲ್ಲಿದೆ.

ಹಾಗಾದರೆ ಕಾರಣವೇನು? ನಿಮ್ಮ ಪತ್ರವನ್ನು ಓದಿದರೆ ಕೊರತೆಗಿಂತ ಹೆಚ್ಚಳ ಎದ್ದು ಕಾಣುತ್ತದೆ. ಎರಡು ಆರಾಧನೆ, ಮೂರು ಗುಂಪು, ದಿನಕ್ಕೊಂದು ಸಂದೇಶ, ಇದರ ಮೇಲೆ ದಿನಕ್ಕೆ ಮೂರು ನಾಲ್ಕು ಅಧ್ಯಾಯ. ಕೇಳಿದ್ದು ಒಳಗಿಳಿಯಲು ಹೊತ್ತೇ ಇಲ್ಲ. ಬೇರೆ ಬೇರೆ ಬೋಧಕರು ಬೇರೆ ಬೇರೆ ತುರ್ತು ಹೊತ್ತಿಸುತ್ತಾರೆ: ಒಬ್ಬರಿಗೆ ಅಂತ್ಯಕಾಲ, ಒಬ್ಬರಿಗೆ ದಶಮಾಂಶ, ಇನ್ನೊಬ್ಬರಿಗೆ ಉಪವಾಸ. ಪ್ರತಿಯೊಂದನ್ನೂ ಕೇಳಿ "ನಾನು ಇದನ್ನೂ ಮಾಡುತ್ತಿಲ್ಲ" ಎಂಬ ಬಾಕಿ ಬೆಳೆಯುತ್ತದೆ. ಮನೆಗೆ ಬಂದ ತನ್ನ ಉಪಚಾರದಲ್ಲೇ ಮುಳುಗಿದ್ದ ಮಾರ್ಥಳನ್ನು ಸ್ವಾಮಿ ಗದರಿದ್ದು ಆಕೆ ಸೋಮಾರಿಯೆಂದಲ್ಲ, ಅನೇಕ ವಿಷಯಗಳಲ್ಲಿ ತಳಮಳಗೊಂಡಿದ್ದಳೆಂದು. ಹಾಗಾಗಿ ಈಗ ನೀವು ಹೊಸದೇನನ್ನೂ ಕೂಡಿಸಬೇಡಿ. ಮೊದಲು ಕಳೆಯಿರಿ.

ಎರಡನೆಯ ಕಾರಣ ನಿದ್ದೆ. ರಾತ್ರಿ ಪಾಳಿ ಮಾಡುವವರಿಗೆ ಬೆಳಗಿನ ನಾಲ್ಕರ ನಿಯಮವನ್ನು ಹೇರುವುದು ಅನ್ಯಾಯ. ಸ್ವಾಮಿ ನಸುಕಿನಲ್ಲೆದ್ದು ಪ್ರಾರ್ಥಿಸಿದ್ದು ಮಾರ್ಕ 1:35ರಲ್ಲಿದೆ, ನಿಜ. ಅದೇ ಸುವಾರ್ತೆಯ 6:31ರಲ್ಲಿ, ಊಟಕ್ಕೂ ಪುರಸೊತ್ತಿಲ್ಲದೆ ದಣಿದ ಶಿಷ್ಯರಿಗೆ ಬಂದು ದಣಿವಾರಿಸಿಕೊಳ್ಳಿರಿ ಎಂದವನೂ ಆತನೇ. ಸಾಯಬೇಕೆಂದು ಬೇಡಿಕೊಂಡ ಪ್ರವಾದಿ ಎಲೀಯನಿಗೆ ದೇವದೂತನು ಬೋಧನೆ ಮಾಡಲಿಲ್ಲ. ನಿದ್ದೆ ಮಾಡಲು ಬಿಟ್ಟು, ತಟ್ಟಿ ಎಬ್ಬಿಸಿ, ರೊಟ್ಟಿ ನೀರು ಕೊಟ್ಟನು, ಅದೂ ಎರಡು ಸಲ. ನಿದ್ದೆಗೆಟ್ಟ ತಲೆಯಲ್ಲಿ ಗಮನ ನಿಲ್ಲದಿರುವುದು ಮೆದುಳಿನ ಸಹಜ ಗುಣ.

ಮೂರನೆಯದನ್ನು ಪರೀಕ್ಷಿಸಿಯೇ ತಳ್ಳಿಹಾಕಬೇಕು. ಬೇಸರ ಪ್ರಾರ್ಥನೆಗೆ ಮಾತ್ರ ಇದೆಯೋ, ಎಲ್ಲದಕ್ಕೂ ಇದೆಯೋ? ಮಗನ ಆಟ, ಇಷ್ಟದ ಊಟ, ಗೆಳತಿಯ ಮಾತು ಯಾವುದೂ ರುಚಿಸದೆ, ನಿದ್ದೆ ಹಸಿವು ಏರುಪೇರಾಗಿ ಎರಡು ವಾರ ಮೀರಿದ್ದರೆ ಅದು ಖಿನ್ನತೆ ಇರಬಹುದು. ವೈದ್ಯರನ್ನು ಕಾಣಿ, ಥೈರಾಯ್ಡ್ ಮತ್ತು ಹಿಮೋಗ್ಲೋಬಿನ್ ಕೂಡ ನೋಡಿಸಿ. ಟೆಲಿ ಮಾನಸ್ ಸಹಾಯವಾಣಿ 14416ರಲ್ಲಿ ಕನ್ನಡದಲ್ಲೇ ಮಾತಾಡಬಹುದು, ಹಣ ಕೊಡಬೇಕಿಲ್ಲ. ಮಾತ್ರೆ ನುಂಗುವುದು ವಿಶ್ವಾಸದ ಕೊರತೆ ಎಂದು ಯಾರಾದರೂ ಹೇಳಿದರೆ ಒಪ್ಪಬೇಡಿ. ಶುಗರ್‌ಗೆ ನುಂಗುತ್ತಿಲ್ಲವೇ?

ಈಗ ಕಳೆಯುವ ಕೆಲಸ. ಮೂರು ಗುಂಪುಗಳಲ್ಲಿ ನಿಮ್ಮ ಸಭೆಯದ್ದನ್ನು ಉಳಿಸಿಕೊಂಡು ಉಳಿದೆರಡರಿಂದ ಹೇಳಿ ಹೊರಬನ್ನಿ. ಮ್ಯೂಟ್ ಮಾಡಿದರೆ ಸಾಲದು, ಸಂಜೆ ನೂರು ಸಂದೇಶ ಕಾಯುತ್ತಿರುತ್ತವೆ. ಯೂಟ್ಯೂಬ್ ಸಂದೇಶ ಮೂರು ತಿಂಗಳು ಬೇಡ. ಬದಲಿಗೆ ಭಾನುವಾರದ ಪ್ರಸಂಗವನ್ನು ಮೂರು ಸಾಲಿನಲ್ಲಿ ಬರೆದುಕೊಂಡು ಬುಧವಾರ ಒಮ್ಮೆ ನೋಡಿ. ಸಂಜೆಯ ಫೆಲೋಶಿಪ್ಪನ್ನೂ ಮೂರು ತಿಂಗಳು ನಿಲ್ಲಿಸಿ ಆ ಹೊತ್ತನ್ನು ಮನೆಯವರಿಗೂ ನಿದ್ದೆಗೂ ಕೊಡಿ. ಅಲ್ಲಿನ ಸ್ತುತಿಗಾನ ನಿಮಗೆ ಬಲ ಕೊಡುತ್ತಿದ್ದರೆ ತಿಂಗಳಿಗೊಮ್ಮೆ ಹೋಗಿ. ಆದರೆ ಸಭೆಯನ್ನೇ ಬದಲಿಸುವ ತೀರ್ಮಾನ ಈಗ ಬೇಡ. ಯೇಸುಸಭೆಯನ್ನು (ಜೆಸ್ವಿಟ್) ಸ್ಥಾಪಿಸಿದ 16ನೇ ಶತಮಾನದ ಇಗ್ನೇಷಿಯಸ್ ಲೊಯೊಲಾ ಈ ಬಗ್ಗೆ ಖಡಾಖಂಡಿತವಾಗಿ ಹೇಳಿದ್ದಾರೆ: ಒಳಗೆ ಒಣಗಿರುವ ಕಾಲದಲ್ಲಿ, ಹಿಂದೆ ನೆಮ್ಮದಿಯಲ್ಲಿದ್ದಾಗ ಮಾಡಿದ ನಿರ್ಧಾರ ಬದಲಿಸಬಾರದು. 4ನೇ ಶತಮಾನದಲ್ಲಿ ಈಜಿಪ್ಟಿನ ಮರುಭೂಮಿಯ ಸಂನ್ಯಾಸಿ ಇವಾಗ್ರಿಯಸ್ ಕೂಡ ಇದನ್ನೇ ಕಂಡವರು. ಬೇಸರ ಹಿಡಿದವನಿಗೆ ಸೂರ್ಯ ನಿಂತ ಹಾಗೆ ಕಾಣುತ್ತದೆ, ಪದೇ ಪದೇ ಬಾಗಿಲ ಕಡೆ ನೋಡುತ್ತಾನೆ, ಬೇರೆ ಜಾಗದಲ್ಲಾದರೆ ದೇವರನ್ನು ಸುಲಭವಾಗಿ ಸೇವಿಸಬಹುದೆಂದು ಅವನಿಗೆ ತೋರುತ್ತದೆ. ಅವರು ಕೊಟ್ಟ ಮದ್ದು, ಇದ್ದ ಜಾಗದಲ್ಲೇ ತಾಳಿಕೊಂಡು ನಿಲ್ಲುವುದು.

ಓದಿನ ಬಗ್ಗೆ. ಬೈಬಲಿನಲ್ಲಿ 1189 ಅಧ್ಯಾಯಗಳಿವೆ. ವರ್ಷಕ್ಕೆ ಮುಗಿಸಬೇಕಾದರೆ ದಿನಕ್ಕೆ ಮೂರೂಕಾಲು. ಆದಿಕಾಂಡದ 50, ವಿಮೋಚನಕಾಂಡದ 40 ದಾಟುವಾಗ ಜನವರಿ ಮುಗಿಯುತ್ತಾ ಬಂದಿರುತ್ತದೆ. ಕಥೆ ನಿಂತು ಬಲಿಗಳ ನಿಯಮ ಶುರುವಾಗುವುದೂ ಹೊಸ ವರ್ಷದ ಹುರುಪು ಇಳಿಯುವುದೂ ಒಂದೇ ವಾರ. ಬಹಳ ಜನ ನಿಲ್ಲುವುದು ಅಲ್ಲೇ. ಎರಡು ದಿನ ತಪ್ಪಿದರೆ ಏಳು ಅಧ್ಯಾಯ ಬಾಕಿ, ನಾಲ್ಕು ನೈಟ್ ಡ್ಯೂಟಿ ಬಂದರೆ ಹದಿಮೂರು. ಬಾಕಿ ತೀರಿಸುವ ಓದಿನಲ್ಲಿ ದೇವರ ಮಾತು ಕಿವಿಗೆ ಬೀಳುವುದಿಲ್ಲ. ಪೂರ್ತಿ ಬೈಬಲ್ ಓದುವುದು ಒಳ್ಳೆಯದೇ, ಅದಕ್ಕೆ ಮೂರು ವರ್ಷ ಇಟ್ಟುಕೊಂಡರೆ ದಿನಕ್ಕೆ ಒಂದು ಅಧ್ಯಾಯಕ್ಕಿಂತ ಸ್ವಲ್ಪ ಹೆಚ್ಚು. ಆದರೆ ಈಗಿನ ಸ್ಥಿತಿಯಲ್ಲಿ ನಿಮಗೆ ಮಾರ್ಕನ ಸುವಾರ್ತೆ ಸಾಕು. ದಿನಕ್ಕೆ ಹತ್ತು ಹದಿನೈದು ವಚನದಂತೆ ಸುಮಾರು ಎರಡು ತಿಂಗಳು. ಮುಗಿದರೆ ಫಿಲಿಪ್ಪಿಯವರಿಗೆ ಬರೆದ ಪತ್ರ, 4 ಅಧ್ಯಾಯ. ಯಾಜಕಕಾಂಡಕ್ಕೆ ಮುಂದೊಮ್ಮೆ ಬಂದಾಗ 16ನೇ ಅಧ್ಯಾಯವನ್ನು ಇಬ್ರಿಯರಿಗೆ ಬರೆದ ಪತ್ರದ 9 ಮತ್ತು 10ರ ಜೊತೆ ಇಟ್ಟು ಓದಿ, ಆ ಬಲಿಗಳೆಲ್ಲ ಯಾರ ಕಡೆ ಬೆರಳು ಮಾಡುತ್ತವೆಂದು ಕಾಣುತ್ತದೆ.

ಪುಸ್ತಕ ತೆರೆದ ಕಡೆ ಬೆರಳಿಟ್ಟು ವಚನ ಹುಡುಕುವುದು, ವಾಗ್ದಾನದ ಕಾರ್ಡಿನ ಒಂದು ಸಾಲಿನಿಂದ ದಿನ ದೂಡುವುದು ಬೇಡ. ಒಳ್ಳೆಯ ಭವಿಷ್ಯದ ವಾಗ್ದಾನವಾದ ಯೆರೆಮೀಯ 29:11 ಎಲ್ಲರ ಫೋನಿನಲ್ಲೂ ಬರುತ್ತದೆ. ಅದರ ಹಿಂದಿನ ವಚನ ಬರುವುದಿಲ್ಲ. ಯೆಹೂದ್ಯರು ಸೆರೆಯಾಗಿ ಹೋಗಿದ್ದ ಬಾಬೆಲಿನಲ್ಲಿ 70 ವರ್ಷ ತುಂಬಿದ ಮೇಲೆ ಎಂದು ಅಲ್ಲಿದೆ. ಆ ಮಾತು ಕೇಳಿಸಿಕೊಂಡವರಲ್ಲಿ ಬಹಳ ಜನ ತಿರುಗಿ ಬರುವ ದಿನ ನೋಡದೇ ತೀರಿಕೊಂಡಿರಬೇಕು. ಹೀಗೆ ಹಿಂದುಮುಂದು ಸೇರಿಸಿ ಓದಿದಾಗ ಕಾಯುವ ಶಕ್ತಿ ಬರುತ್ತದೆ. ಒಂದೇ ಸಾಲನ್ನು ನಂಬಿ ಮೂರು ತಿಂಗಳಲ್ಲಿ ಎಲ್ಲ ಸರಿಹೋಗಬೇಕೆಂದು ಕಾದವರಿಗೆ ನಿರಾಶೆ ಕಾದಿರುತ್ತದೆ.

ದಿನಕ್ಕೆ ಇಪ್ಪತ್ತು ನಿಮಿಷ ಇಟ್ಟುಕೊಳ್ಳಿ. ಗಡಿಯಾರಕ್ಕೆ ಕಟ್ಟಬೇಡಿ, ನಿದ್ದೆಯಿಂದ ಏಳುವುದಕ್ಕೆ ಕಟ್ಟಿ. ಹಗಲು ಪಾಳಿಯಿದ್ದರೆ ಬೆಳಿಗ್ಗೆ ಎದ್ದು ಮುಖ ತೊಳೆದ ಮೇಲೆ. ನೈಟ್ ಡ್ಯೂಟಿ ಇದ್ದರೆ ಬೆಳಿಗ್ಗೆ ಮನೆಗೆ ಬಂದು, ತಿಂದು, ಮಲಗಿ, ಮಧ್ಯಾಹ್ನ ಎದ್ದ ಮೇಲೆ. ಡ್ಯೂಟಿ ಮುಗಿಸಿ ಬಂದ ಕೂಡಲೇ ಕೂತರೆ ತೂಕಡಿಕೆ ಗ್ಯಾರಂಟಿ. ಹಾಸಿಗೆಯ ಮೇಲೆ ಬೇಡ, ಒಂದೇ ಕುರ್ಚಿ, ಒಂದೇ ಮೂಲೆ. ಅಚ್ಚಾದ ಬೈಬಲ್ ಇರಲಿ, ಫೋನು ಇನ್ನೊಂದು ಕೋಣೆಯಲ್ಲಿ. ಪಕ್ಕದಲ್ಲಿ ಚೀಟಿ, ಪೆನ್ನು. ಸಾಲದ ಕಂತು ನೆನಪಾಯಿತೋ, ಎರಡು ಪದ ಬರೆದಿಟ್ಟು ಮುಂದೆ ಹೋಗಿ. ಆ ಯೋಚನೆಯ ಜೊತೆ ಜಗಳವಾಡಿದರೆ ಅದೇ ಗೆಲ್ಲುತ್ತದೆ. ಬರೆದಿಟ್ಟರೆ ಮರೆತೀತೆಂಬ ಭಯ ಹೋಗುತ್ತದೆ. ಮತ್ತೆ ಮತ್ತೆ ಬರುವ ಚಿಂತೆಯನ್ನು ಕೊನೆಯಲ್ಲಿ ಪ್ರಾರ್ಥನೆಗೇ ಸೇರಿಸಿಕೊಳ್ಳಿ.

ಎರಡು ನಿಮಿಷ ಸುಮ್ಮನೆ ಕೂತು ಶುರು ಮಾಡಿ. ಒಂದು ಕೀರ್ತನೆಯನ್ನು ಬಾಯಿಬಿಟ್ಟು ಓದಿ, ಮೂರು ನಿಮಿಷ. ತುಟಿಯೂ ಕಿವಿಯೂ ಕೆಲಸ ಮಾಡಿದಾಗ ಮನಸ್ಸು ಅಲೆಯುವುದು ಕಡಿಮೆ. ಆಮೇಲೆ ಮಾರ್ಕನ ಆ ದಿನದ ಭಾಗವನ್ನು ಎರಡು ಸಲ ಓದಿ, ಎಂಟು ನಿಮಿಷ. ಎರಡನೇ ಸಲ, ಸ್ವಾಮಿ ಇಲ್ಲಿ ಯಾರನ್ನು ನೋಡುತ್ತಿದ್ದಾನೆ, ಏನು ಕೇಳುತ್ತಿದ್ದಾನೆ ಎಂಬುದರ ಮೇಲೆ ಕಣ್ಣಿರಲಿ. ಉಳಿದ ಏಳು ನಿಮಿಷ ಪ್ರಾರ್ಥನೆ.

ಆ ಪ್ರಾರ್ಥನೆಗೆ ಜರ್ಮನಿಯ ಸಭಾ ಸುಧಾರಕ ಮಾರ್ಟಿನ್ ಲೂಥರ್ 1535ರಲ್ಲಿ ತನ್ನ ಕ್ಷೌರಿಕ ಪೇತ್ರನಿಗೆ ಬರೆದು ಕೊಟ್ಟ ಕ್ರಮಕ್ಕಿಂತ ಸರಳವಾದದ್ದು ಕಂಡಿಲ್ಲ. ಪೇತ್ರನೂ ನಿಮ್ಮ ಹಾಗೇ ಕೇಳಿದ್ದ, ಪ್ರಾರ್ಥಿಸುವುದು ಹೇಗೆಂದು. ಇತರ ಕೆಲಸ, ಯೋಚನೆಗಳಿಂದ ತನ್ನ ಮನಸ್ಸೂ ತಣ್ಣಗಾಗುತ್ತದೆಂದು ಲೂಥರ್ ಮೊದಲೇ ಹೇಳಿಕೊಳ್ಳುತ್ತಾರೆ. ಒಳ್ಳೆಯ ಕ್ಷೌರಿಕ ಹರಟುತ್ತಾ ಎತ್ತಲೋ ನೋಡಿದರೆ ಗಿರಾಕಿಯ ಮೂಗು, ಗಂಟಲು ಕೊಯ್ದಾನು, ಪ್ರಾರ್ಥನೆಗೂ ಹಾಗೇ ಪೂರ್ತಿ ಗಮನ ಬೇಕು ಎನ್ನುತ್ತಾರೆ. ಕ್ರಮ ಇಷ್ಟೇ: ಒಂದು ಆಜ್ಞೆ ಅಥವಾ ವಚನ ತೆಗೆದುಕೊಂಡು ನಾಲ್ಕೆಳೆಯ ಹಾರ ಹೆಣೆಯುವುದು. ಇದು ನನಗೆ ಏನು ಕಲಿಸುತ್ತದೆ, ಇದಕ್ಕಾಗಿ ಯಾವ ಉಪಕಾರ ಸ್ಮರಿಸಲಿ, ಇದರಲ್ಲಿ ನಾನು ತಪ್ಪಿದ್ದೆಲ್ಲಿ, ಈಗ ಏನು ಬೇಡಲಿ. ನಾಲ್ಕೂ ಪ್ರತಿದಿನ ಮುಗಿಯಬೇಕಿಲ್ಲ. ಉಪಕಾರದಲ್ಲೇ ಮನಸ್ಸು ನಿಂತರೆ ಅಲ್ಲೇ ನಿಲ್ಲಿ. ಪವಿತ್ರಾತ್ಮನೇ ಒಳಗೆ ಬೋಧಿಸತೊಡಗಿದರೆ ನಿಮ್ಮ ಕ್ರಮ ಬಿಟ್ಟು ಕೇಳಿಸಿಕೊಳ್ಳಿ ಎಂದು ಅವರೇ ಹೇಳಿದ್ದಾರೆ. ಕೊನೆಗೆ ಮೂರು ಹೆಸರು, ಮೂರಕ್ಕಿಂತ ಹೆಚ್ಚು ಬೇಡ, ಅವರಿಗಾಗಿ ಪ್ರಾರ್ಥಿಸಿ.

ಇದರಲ್ಲಿ ಎಡವುವುದು ಎಲ್ಲಿ? ಮೂರು ದಿನ ತಪ್ಪಿದಾಗ. ನಾಲ್ಕನೇ ದಿನ ಹಿಂದಿನದನ್ನೂ ಸೇರಿಸಿ ಒಂದು ತಾಸು ಕೂರುತ್ತೀರಿ, ಐದನೇ ದಿನ ಮತ್ತೆ ತಪ್ಪುತ್ತದೆ. ಬಾಕಿ ಇಟ್ಟುಕೊಳ್ಳಬೇಡಿ, ನಿಂತ ವಚನದಿಂದ ಇಪ್ಪತ್ತೇ ನಿಮಿಷ ಮುಂದುವರಿಸಿ. ಎರಡನೇ ತೊಡಕು, ಚೆನ್ನಾಗಿ ನಡೆದಾಗ ನಲವತ್ತಕ್ಕೆ ಏರಿಸುವ ಆಸೆ. ಮೂರು ತಿಂಗಳು ಏರಿಸಬೇಡಿ. ದೀರ್ಘ ಪ್ರಾರ್ಥನೆ ಬೇಕೆನಿಸಿದರೆ ರಜೆಯ ದಿನ ಇರಲಿ.

ವಾರ್ಡಿನಲ್ಲಿ ಕಣ್ಣು ಮುಚ್ಚಿ ಕೂರಲಾಗದು. ಅಲ್ಲಿಗೆ ಚಿಕ್ಕ ಪ್ರಾರ್ಥನೆ. ಈಜಿಪ್ಟಿನ ಸಂನ್ಯಾಸಿ ಸಹೋದರರು ಬಾಣ ಬಿಟ್ಟ ಹಾಗೆ ಚುಟುಕಾಗಿ, ಪದೇ ಪದೇ ಪ್ರಾರ್ಥಿಸುತ್ತಾರೆಂದು ಉತ್ತರ ಆಫ್ರಿಕಾದ ಬಿಷಪ್ ಆಗಸ್ಟೀನರು 5ನೇ ಶತಮಾನದಲ್ಲಿ ಬರೆದಿದ್ದಾರೆ, ಉದ್ದವಾದರೆ ಗಮನ ಮೊಂಡಾಗುತ್ತದೆಂಬ ಕಾರಣಕ್ಕೆ. ಸೋಪಿನಿಂದ ಕೈ ತೊಳೆಯಲು ನಿಮಗೆ ಹೇಗೂ 40ರಿಂದ 60 ಸೆಕೆಂಡು ಬೇಕು. ಕರ್ತನ ಪ್ರಾರ್ಥನೆಯನ್ನು ನಿಧಾನವಾಗಿ ಒಮ್ಮೆ ಹೇಳಿಕೊಳ್ಳಲು ಅಷ್ಟು ಸಾಕು. ಮುಂದಿನ ಹಾಸಿಗೆಯ ರೋಗಿಯ ಹೆಸರು ಹಿಡಿದು ಹೇಳಿಕೊಳ್ಳಿ.

ಉಪವಾಸ ಮಾಡಬೇಕೆಂಬ ಆಸೆ ನಿಮ್ಮಲ್ಲಿದ್ದರೆ ಅದನ್ನು ಹತ್ತಿಕ್ಕಬೇಡಿ. ಈಸ್ಟರ್‌ಗೆ ಮುಂಚಿನ ಶ್ರಮದ ಕಾಲದಲ್ಲಿ ಮಾಂಸ, ಸಿಹಿ ಬಿಡುವುದು ಸಾಮಾನ್ಯವಾಗಿ ಹೊಂದುತ್ತದೆ. ಒಂದು ಹೊತ್ತು ಊಟ ಬಿಡುವುದಾದರೆ ವೈದ್ಯರಿಗೆ ಮಾತ್ರೆ ತೋರಿಸಿ, ರಜೆಯ ದಿನ, ಗ್ಲೂಕೋಮೀಟರ್ ಪಕ್ಕದಲ್ಲಿಟ್ಟು. ಕೈ ನಡುಗಿ ಬೆವರಿದರೆ ಅಥವಾ ಸಕ್ಕರೆ 70ಕ್ಕಿಂತ ಇಳಿದರೆ ಅಲ್ಲಿಗೇ ಮುರಿಯಿರಿ, ಅದಕ್ಕೆ ದೋಷವಿಲ್ಲ. ಊಟವನ್ನೇ ಮುಟ್ಟದೆ ಸಂಜೆ ಏಳರಿಂದ ಫೋನ್ ಉಪವಾಸ ಮಾಡಿದರೆ ನಿಮ್ಮ ತೊಂದರೆಗೆ ಅದೇ ಹೆಚ್ಚು ಹತ್ತಿರದ ಮದ್ದು. ಯೆಶಾಯ 58 ಹೇಳುವ ಉಪವಾಸದಲ್ಲಿ ಹಸಿದವನಿಗೆ ರೊಟ್ಟಿ ಹಂಚುವುದೂ ಸೇರಿದೆ. ಬಿಟ್ಟ ಊಟದ ಹಣ ವಾರ್ಡಿನ ಬಡ ರೋಗಿಯ ಕಡೆಯವರ ಊಟಕ್ಕೆ ಹೋಗಲಿ.

ಬೆಳೆಯುತ್ತಿದ್ದೇನೋ ಇಲ್ಲವೋ ಎಂದು ಪ್ರಾರ್ಥನೆಯ ಬಿಸಿಯಿಂದ ಅಳೆಯಬೇಡಿ. ಗಲಾತ್ಯದವರಿಗೆ 5:22-23ರಲ್ಲಿ ಹೇಳಿದ ಆತ್ಮದ ಒಂಬತ್ತು ಫಲಗಳಲ್ಲಿ ದೀರ್ಘಶಾಂತಿಯೂ ದಯೆಯೂ ಇವೆ, ಕಣ್ಣೀರು ಇಲ್ಲ. ಅದನ್ನು ನಮಗಿಂತ ಚೆನ್ನಾಗಿ ಕಾಣುವವರು ಮನೆಯವರು. ಆರು ತಿಂಗಳ ಮೇಲೆ ಯಜಮಾನರನ್ನೋ ಮಗನನ್ನೋ ಕೇಳಿ: ನೈಟ್ ಡ್ಯೂಟಿಯ ಮರುದಿನ ನನ್ನ ಸಿಡುಕು ಕಡಿಮೆಯಾಗಿದೆಯಾ? ಮಾರ್ಕ 4:26-29ರ ಬೀಜ, ಬಿತ್ತಿದವನು ಮಲಗಿ ಏಳುತ್ತಿರುವಾಗ ಅವನಿಗೇ ತಿಳಿಯದಂತೆ ಬೆಳೆಯುತ್ತದೆ. ಪ್ರತಿದಿನ ಮಣ್ಣು ಕೆದಕಿ ನೋಡುವ ಚಾಳಿ ಬೇಡ. ನಿಮ್ಮ ಪ್ರಶ್ನೆಗೆ ನೇರ ಉತ್ತರವನ್ನೂ ಇಲ್ಲೇ ಹೇಳುತ್ತೇನೆ: ಹಿಂಜಾರಿದವರು ದೇವರು ಬೇಡವೆಂದು ಬೆನ್ನು ತಿರುಗಿಸಿದವರು. ದೇವರು ಸಿಗುತ್ತಿಲ್ಲವೆಂದು ನೊಂದು ಹುಡುಕುವವರನ್ನು ಹಾಗೆ ಕರೆಯಲಾಗದು.

ಒಂದು ಮಾತ್ರ ಹೊಸದಾಗಿ ಕೂಡಿಸಿ, ಎರಡು ವಾರ ಕಳೆದ ಮೇಲೆ: ತಿಂಗಳಿಗೊಮ್ಮೆ ಮನಬಿಚ್ಚಿ ಮಾತಾಡಲು ಒಬ್ಬ ಹಿರಿಯ ಸಹೋದರಿ. 1742ರಲ್ಲಿ ಇಂಗ್ಲೆಂಡಿನ ಬ್ರಿಸ್ಟಲ್‌ನಲ್ಲಿ ಮೆಥಡಿಸ್ಟ್ ಬೋಧಕ ಜಾನ್ ವೆಸ್ಲಿಯ ಜನ ಕಟ್ಟಡದ ಸಾಲ ತೀರಿಸಲು ಹನ್ನೆರಡು ಜನರ ಗುಂಪು ಮಾಡಿ ವಾರಕ್ಕೊಂದು ಪೆನ್ನಿ ಸಂಗ್ರಹಿಸತೊಡಗಿದರು. ಮನೆಮನೆಗೆ ಹೋದ ಮುಖಂಡರಿಗೆ ಜನರ ಆತ್ಮಿಕ ಸ್ಥಿತಿ ಕಂಡಿತು, ಆ ಗುಂಪುಗಳೇ ಆತ್ಮಗಳ ಆರೈಕೆಯ ಜಾಗವಾದವು. ಹಳೆ ಮೈಸೂರು ಸೀಮೆಯ ವೆಸ್ಲಿಯನ್ ಸಭೆಗಳು 1947ರಲ್ಲಿ ಸಿ.ಎಸ್.ಐ.ಗೆ ಸೇರಿದವು, ಹಾಗಾಗಿ ಇದು ನಿಮ್ಮ ಸಭೆಗೆ ಪರಕೀಯವಲ್ಲ. ಆಯ್ಕೆಯಲ್ಲಿ ಎಚ್ಚರವಿರಲಿ. ಇತರರ ಗುಟ್ಟನ್ನು "ಪ್ರಾರ್ಥನಾ ವಿಷಯ" ಎಂದು ನಿಮ್ಮ ಮುಂದೆ ಹೇಳುವವರು ನಾಳೆ ನಿಮ್ಮದನ್ನೂ ಹೇಳುತ್ತಾರೆ. "ದೇವರು ನನಗೆ ಹೇಳಿದನು, ನೀನು ಹೀಗೆ ಮಾಡು" ಎಂದು ಆಜ್ಞೆ ಮಾಡುವವರೂ, ಹಣದ ಮಾತು ತರುವವರೂ ಬೇಡ. ಹೆಚ್ಚು ಕೇಳಿ ಕಡಿಮೆ ಮಾತಾಡುವವರು, ಸ್ವಂತ ಕಷ್ಟದಲ್ಲಿ ಸಭೆ ಬಿಡದೆ ನಿಂತವರು ಆಗಬಹುದು. ಹೆಸರು ಹೊಳೆಯದಿದ್ದರೆ ಸಭಾಪಾಲಕರನ್ನೋ ಸ್ತ್ರೀಯರ ಕೂಟದ ಹಿರಿಯರನ್ನೋ ಕೇಳಿ. ತಿಂಗಳಿಗೊಮ್ಮೆ ಒಂದು ತಾಸು, ರಜೆಯ ದಿನ, ಚಹಾ ಇಟ್ಟುಕೊಂಡು ಕೂತು ಮೂರು ವಿಷಯ ಮಾತಾಡಿ: ಈ ತಿಂಗಳು ಮಾರ್ಕನಲ್ಲಿ ಏನು ಕಂಡಿತು, ಎಲ್ಲಿ ಎಡವಿದೆ, ಯಾರ ಜೊತೆ ಮಾತು ಸರಿಯಿಲ್ಲ. ಆಮೇಲೆ ಅವರು ನಿಮಗಾಗಿ, ನೀವು ಅವರಿಗಾಗಿ ಪ್ರಾರ್ಥಿಸಿ. ಫೆಲೋಶಿಪ್‌ನ ಆ ಅಕ್ಕನಿಗೆ, ವೈದ್ಯರು ಉಪವಾಸ ಬೇಡವೆಂದಿದ್ದಾರೆ, ನನಗಾಗಿ ಪ್ರಾರ್ಥಿಸಿ ಎಂದಷ್ಟೇ ಹೇಳಿದರೆ ಸಾಕು. ವೈದ್ಯರನ್ನು ಈ ವಾರವೇ ಕಂಡು ಬನ್ನಿ, ಆಗ ಆ ಮಾತು ನಿಜವೂ ಆಗುತ್ತದೆ.